ಮಧ್ಯಮ ಗುಂಪಿನ ದೊರೆ

ಲಿಂಕನ್‌ಶೈರಿನ ಥಾರ್ಬಿ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಮೆಲ್ವಿನ್ ಸ್ಕಾಟ್ನಿ ವಾರಕ್ಕೆ ಐದು ದಿನ ಊರವರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ತಿಂಗಳಿಗೊಂದು ಶನಿವಾರ ಮಾತ್ರ ದೊರೆಯಾಗುತ್ತಿದ್ದ.

ಅವನ ರಾಜ್ಯ ಊರಿನಿಂದ ಹನ್ನೆರಡು ಮೈಲಿ ಆಚೆ ಇದ್ದ ಸ್ಕ್ಯಾರೋಬಿ ಟ್ರ್ಯಾಕು. ಯುದ್ಧದ ಕಾಲದಲ್ಲಿ ಬಾಂಬರ್ ವಿಮಾನಗಳು ಏರುತ್ತಿದ್ದ ಬಯಲು ಅದು. ಈಗ ಅಲ್ಲಿ ಬೈಕ್ ಇದ್ದವರು ಯಾರು ಬೇಕಾದರೂ ಹೆಸರು ಕೊಟ್ಟು ದಿನವಿಡೀ ಸುತ್ತು ಹೊಡೆಯಬಹುದಿತ್ತು. ಇದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಬಂದವರಲ್ಲಿ ಮೂರು ಗುಂಪು: ಹೊಸಬರು, ಮಧ್ಯಮದವರು, ವೇಗದವರು. ಯಾರು ಯಾವ ಗುಂಪು ಎಂದು ಅವರವರೇ ಹೇಳಿಕೊಳ್ಳಬೇಕು. ಮೆಲ್ವಿನ್ ಏಳು ವರ್ಷದಿಂದ ಮಧ್ಯಮದವನು. ವೇಗದ ಗುಂಪಿಗೆ ಹೋಗಿದ್ದರೆ ಅಲ್ಲಿ ಬಾಲವಾಗುತ್ತಿದ್ದ, ಇಲ್ಲಿ ತಲೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವುದು ಇಂಗ್ಲೆಂಡಿಗೂ ಸಲ್ಲುವ ಮಾತು.

ಬೆಳಿಗ್ಗೆ ಎಲ್ಲರನ್ನೂ ಒಂದು ಶೆಡ್ಡಿನಲ್ಲಿ ಕೂರಿಸಿ ವ್ಯವಸ್ಥಾಪಕ ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದ. "ಇದು ರೇಸ್ ಅಲ್ಲ. ಯಾರೂ ಟೈಮ್ ನೋಡಬಾರದು. ಯಾರು ಮುಂದೆ ಯಾರು ಹಿಂದೆ ಅನ್ನೋ ಮಾತೇ ಇಲ್ಲಿಲ್ಲ."

ತಲೆ ನರೆತ ಗಂಡಸರೆಲ್ಲ ಶಾಲೆ ಮಕ್ಕಳ ಹಾಗೆ ತಲೆಯಾಡಿಸುತ್ತಿದ್ದರು. ಆಮೇಲೆ ಹೊರಗೆ ಹೋಗಿ ಇಪ್ಪತ್ತು ನಿಮಿಷ ಅದನ್ನು ಬಿಟ್ಟು ಬೇರೇನನ್ನೂ ಮಾಡುತ್ತಿರಲಿಲ್ಲ. ಒಬ್ಬ ಸೀಟಿನ ಕೆಳಗೆ ಗಡಿಯಾರ ಅಡಗಿಸಿರುತ್ತಿದ್ದ, ಇನ್ನೊಬ್ಬನ ಹೆಂಡತಿ ಬೇಲಿಯ ಪಕ್ಕ ನಿಂತು ಹೆಣಿಗೆ ಹಾಕುವ ನೆಪದಲ್ಲಿ ಫೋನು ಒತ್ತುತ್ತಿದ್ದಳು. ಚಹಾ ಗೂಡಿಗೆ ವಾಪಸು ಬಂದಾಗ ಮಾತ್ರ ಎಲ್ಲರದೂ ಒಂದೇ ರಾಗ: "ನಾನೇನೋ ಆರಾಮಾಗಿ ಸುತ್ತಾಡ್ತಿದ್ದೆಪ್ಪ."

ಮೆಲ್ವಿನ್ ಹೆಸರು ಮಾಡಿದ್ದು ಬ್ರೇಕಿನಿಂದ. ಹಳೆಯ ರನ್‌ವೇ ಮೇಲೆ ಮುಕ್ಕಾಲು ಮೈಲಿ ನೇರ ದಾರಿ, ಅದರ ತುದಿಗೆ ಬಲಕ್ಕೆ ಗಕ್ಕನೆ ತಿರುವು. ತಿರುವಿಗೆ ಮುಂಚೆ ಮುನ್ನೂರು, ಇನ್ನೂರು, ನೂರು ಗಜ ಎಂದು ಬಿಳಿ ಹಲಗೆಗಳು, ತಿರುವಿನಲ್ಲಿ ಎಚ್ಚರಿಕೆಗೆ ಬಾವುಟ ಬೀಸುವ ಒಬ್ಬ ಮುದುಕ. ಧೈರ್ಯ ಇಲ್ಲದವರು ಮುನ್ನೂರಕ್ಕೆ, ಇದ್ದವರು ಇನ್ನೂರಕ್ಕೆ ಬ್ರೇಕ್ ಹಿಡಿಯುತ್ತಿದ್ದರು. ಮೆಲ್ವಿನ್ ನೂರು ದಾಟಿ ಹಿಡಿಯುತ್ತಿದ್ದ. ಒಮ್ಮೊಮ್ಮೆ ತಿರುವು ಸಾಲದೆ ಹುಲ್ಲಿಗೆ ಇಳಿದು ಬಂದರೂ "ಅಗಲವಾದ ದಾರಿ ಹಿಡಿದೆ" ಎನ್ನುತ್ತಿದ್ದ.

"ಅದು ಹ್ಯಾಗೆ ಸಾಧ್ಯ ಮಾರಾಯ?" ಎಂದು ಹೊಸಬರು ಕೇಳಿದರೆ ಚಹಾ ಲೋಟ ಕೆಳಗಿಟ್ಟು ವಿವರಿಸುತ್ತಿದ್ದ.

"ಎಲ್ಲಾ ದೃಷ್ಟಿಯಲ್ಲಿದೆ. ಕಣ್ಣು ಹತ್ತಿರದ್ದನ್ನ ನೋಡಿದ್ರೆ ಕೈ ಹೆದರತ್ತೆ. ದೂರ ನೋಡಬೇಕು. ನಾನು ಕಣ್ಣಿನ ಕಸುಬಿನವನಲ್ವಾ, ನನಗೆ ಗೊತ್ತು."

ಅವನ ಜೊತೆಗೆ ಯಾವಾಗಲೂ ಬರುತ್ತಿದ್ದವನು ಕ್ಲಿಫರ್ಡ್ ಡ್ರಿಂಗ್, ಊರಿನ ಪ್ಲಂಬರು. ಅವನಿಗೆ ಈ ಪ್ರವಚನವೂ, ಸುತ್ತಿಗೆ ಒಂದು ನಿಮಿಷ ನಲವತ್ತು ಸೆಕೆಂಡು ಎಂದು ಮೆಲ್ವಿನ್ ಗುಟ್ಟಾಗಿ ಹೇಳುತ್ತಿದ್ದ ಲೆಕ್ಕವೂ ಬಾಯಿಪಾಠವಾಗಿತ್ತು. "ಇಷ್ಟೆಲ್ಲ ಇದ್ದೋನು ರೇಸಿಗ್ಯಾಕೆ ಹೋಗಲ್ಲ ದೊರೆ? ಕ್ಲಬ್ಬಿನವರು ಇದೇ ಟ್ರ್ಯಾಕಲ್ಲಿ ತಿಂಗಳು ತಿಂಗಳು ಮಾಡ್ತಾರಲ್ಲ. ಹೋಗಿ ಗೆದ್ಕೊಂಡು ಬಾ" ಎನ್ನುತ್ತಿದ್ದ.

ಮೆಲ್ವಿನ್ ಹತ್ತಿರ ಇದಕ್ಕೆ ಉತ್ತರಗಳ ಮೂಟೆಯೇ ಇತ್ತು. ರೇಸಿನಲ್ಲಿ ದಿನಕ್ಕೆ ಹದಿನೈದು ನಿಮಿಷ ಓಡಿಸುತ್ತಾರೆ, ಮಿಕ್ಕ ಹೊತ್ತು ವ್ಯಾನಿನ ಪಕ್ಕ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಟ್ರ್ಯಾಕ್ ಡೇಯಲ್ಲಿ ಏಳು ಸಲ ಇಳಿಯಬಹುದು. ರೇಸಿನವರಿಗೆ ಶಿಸ್ತಿಲ್ಲ, ಗುದ್ದುತ್ತಾರೆ. ಬೈಕು ಹಾಳಾಗುತ್ತದೆ. ಲೋರೇನ್ ಒಪ್ಪುವುದಿಲ್ಲ. ಈ ಮಾತುಗಳೆಲ್ಲ ನಿಜವೇ, ಕೊನೆಯದೊಂದನ್ನು ಬಿಟ್ಟು. ಅವನ ಹೆಂಡತಿ ಲೋರೇನ್‌ಳನ್ನು ಅವನು ಕೇಳಿಯೇ ಇರಲಿಲ್ಲ.

ಹೀಗೆ ಏಳು ವರ್ಷ ಸುಖವಾಗಿ ಕಳೆಯಿತು. ಆ ವರ್ಷ ಏಪ್ರಿಲ್‌ನಲ್ಲಿ ಮಧ್ಯಮ ಗುಂಪಿಗೆ ಒಬ್ಬ ಹೆಂಗಸು ಬಂದಳು. ಅವಳ ಬೈಕು ಚಿಕ್ಕದು, ಇಪ್ಪತ್ತೈದು ವರ್ಷ ಹಳೆಯದು, ಒಂದು ಕಡೆ ಅಂಟುಪಟ್ಟಿ ಸುತ್ತಿತ್ತು. ನೇರ ದಾರಿಯಲ್ಲಿ ಮೆಲ್ವಿನ್‌ನ ದೊಡ್ಡ ಬೈಕು ಅವಳನ್ನು ನೊಣದ ಹಾಗೆ ಹಿಂದೆ ಹಾಕಿತು. ತಿರುವಿಗೆ ಬಂದಾಗ ಅವಳು ಒಳಗಿನಿಂದ ನುಸುಳಿ ಮುಂದೆ ಹೋದಳು. ಹೀಗೆ ಮೂರು ಸಲ. ಮೂರನೇ ಸಲ ಹೋಗುವಾಗ ಅವನ ಕಡೆ ತಿರುಗಿ ಕೈಯೆತ್ತಿ ಥ್ಯಾಂಕ್ಸ್ ಬೇರೆ ಹೇಳಿದಳು.

ಚಹಾ ಗೂಡಿನಲ್ಲಿ ಹೆಲ್ಮೆಟ್ ತೆಗೆದಾಗ ಕಂಡದ್ದು ಐವತ್ತೆಂಟರ ಮುಖ. ಜೀನ್ ಎಲ್ವಿಜ್, ಶಾಲೆಯ ಊಟದ ಮನೆಯಲ್ಲಿ ಬಡಿಸುವವಳು. ಮೂವತ್ತು ವರ್ಷ ಮಕ್ಕಳಿಗೆ ಆಲೂಗಡ್ಡೆ ಬಡಿಸಿ ಬಡಿಸಿ ಅವಳಿಗೆ ಲೋಕದಲ್ಲಿ ಎಲ್ಲರೂ ಮರಿಗಳೇ.

"ನೀನು ಯಾವ ಕ್ಲಬ್ಬಲ್ಲಿ ರೇಸ್ ಮಾಡ್ತೀಯ ಮರೀ?" ಎಂದಳು.

"ನಾನು ರೇಸ್ ಮಾಡಲ್ಲ."

"ಓ" ಎಂದಳು ಜೀನ್. ಅದರಲ್ಲಿ ಹಂಗಿಸುವುದು ಒಂಚೂರೂ ಇರಲಿಲ್ಲ. ಎಲೆಕೋಸು ಬೇಡ ಎಂದ ಮಗುವಿಗೆ ಹೇಳುವಂಥ ಮೃದುವಾದ ಓ. ಮರುಗಳಿಗೆ ತಿರುಗಿ ಬೇಕನ್ ಬನ್ನಿಗೆ ಸಾಸ್ ಹಾಕಿಕೊಂಡಳು.

ಕ್ಲಿಫ್ ಏಳು ವರ್ಷ ಹಂಗಿಸಿ ಆಗದಿದ್ದ ಕೆಲಸ ಒಂದಕ್ಷರದಿಂದ ಆಯಿತು. ಸಂಜೆ ವ್ಯಾನಿಗೆ ಬೈಕು ಹತ್ತಿಸುವಾಗ ಮೆಲ್ವಿನ್ ಸುತ್ತಮುತ್ತ ಹತ್ತು ಜನಕ್ಕೆ ಕೇಳಿಸುವಂತೆ ಹೇಳಿಬಿಟ್ಟ: "ಜುಲೈ ರೇಸಿಗೆ ನನ್ನ ಹೆಸರು ಕೊಡ್ತೀನಿ."

"ಕೇಳಿಸ್ಕೊಂಡ್ರೇನ್ರೋ?" ಎಂದು ಕ್ಲಿಫ್ ಕೂಗಿದ. "ಸಾಕ್ಷಿ ಇದೀರಾ ಎಲ್ಲರೂ!"

ರೇಸಿನ ಲೈಸೆನ್ಸಿಗೆ ಒಂದು ದಿನದ ಪಾಠ, ಒಂದು ಸಣ್ಣ ಪರೀಕ್ಷೆ, ಆಮೇಲೆ ಕಣ್ಣು ಸರಿಯಿದೆ ಎಂದು ಬಲ್ಲವರ ಸಹಿ ಹಾಕಿಸಿದ ಒಂದು ಫಾರಂ. ಮೊದಲೆರಡು ಸಲೀಸಾಗಿ ಮುಗಿದವು. ಫಾರಂ ಕೈಗೆ ಬಂದಾಗ ಮೆಲ್ವಿನ್ ನಗುತ್ತ ಕ್ಲಬ್ಬಿನ ಕಾರ್ಯದರ್ಶಿಗೆ ಫೋನು ಮಾಡಿದ.

"ನಾನೇ ಕಣ್ಣು ಪರೀಕ್ಷೆ ಮಾಡೋನು. ನನ್ನದಕ್ಕೆ ನಾನೇ ಸಹಿ ಹಾಕ್ಕೋಬಹುದಲ್ವಾ?"

"ಆಗಲ್ಲ ಸ್ವಾಮಿ" ಎಂದಿತು ಅತ್ತಲಿನ ದನಿ. "ಹಿಂದೊಬ್ಬರು ಡಾಕ್ಟರು ಹಾಗೇ ತಮಗೆ ತಾವೇ ಆರೋಗ್ಯವಂತ ಅಂತ ಬರ್ಕೊಂಡ್ರು. ಎರಡನೇ ಸುತ್ತಿಗೆ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ವಿ. ಬೇರೆಯವರ ಸಹಿ ಬೇಕು."

ಥಾರ್ಬಿಯಲ್ಲಿ ಬೇರೆಯವರು ಎಂದರೆ ಒಬ್ಬನೇ. ಪೇಟೆ ಚೌಕದ ಎದುರುಗಡೆ ಹಂಫ್ರಿ ಬ್ರಾಮ್ಲಿಯ ಅಂಗಡಿ. ಇಬ್ಬರೂ ಹತ್ತೊಂಬತ್ತು ವರ್ಷದಿಂದ ಎದುರುಬದುರು ಕೂತು ಕನ್ನಡಕ ಮಾರುತ್ತಿದ್ದರು. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ತಲೆಬಾಗಿ ವಂದಿಸುತ್ತಿದ್ದರು. ಒಬ್ಬರ ಅಂಗಡಿಗೆ ಇನ್ನೊಬ್ಬರು ಕಾಲಿಟ್ಟಿರಲಿಲ್ಲ. ಇಂಗ್ಲಿಷರ ಹಗೆತನ ಹೀಗೇ, ಅದರಲ್ಲಿ ಮರ್ಯಾದೆಗೆ ಒಂದಿಷ್ಟೂ ಕೊರತೆ ಇರುವುದಿಲ್ಲ.

"ಬನ್ನಿ ಬನ್ನಿ ಮಿಸ್ಟರ್ ಸ್ಕಾಟ್ನಿ" ಎಂದು ಬ್ರಾಮ್ಲಿ ಎದ್ದು ನಿಂತ. "ನಮ್ಮ ಪುಣ್ಯ. ಏನಾಗಬೇಕಿತ್ತು?"

"ಸುಮ್ನೆ ಒಂದು ಸಹಿ. ನಿಮ್ಮ ಹೊತ್ತು ಹಾಳು ಮಾಡಲ್ಲ."

"ಸಹಿ ಹಾಕೋದು ಅರೆಗಳಿಗೆ ಕೆಲಸ. ಆದ್ರೆ ಪರೀಕ್ಷೆ ಮಾಡ್ದೆ ಹಾಕೋದು ಹ್ಯಾಗೆ? ನೀವೇ ಹೇಳಿ, ನೀವಾದ್ರೆ ಹಾಕ್ತಿದ್ರಾ?"

ಕುರ್ಚಿಯಲ್ಲಿ ಕೂತ ಮೆಲ್ವಿನ್‌ಗೆ ಚಿಂತೆ ಇರಲಿಲ್ಲ. ಗೋಡೆಯ ಅಕ್ಷರಗಳು ಅವನಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಮೇಲಿನಿಂದ ಕೆಳಗಿನ ಸಾಲಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

"ಬಹಳ ಚೆನ್ನಾಗಿದೆ" ಎಂದ ಬ್ರಾಮ್ಲಿ. "ನೀವು ಹೇಳಿದ್ದು ನಿಮ್ಮ ಅಂಗಡಿಯ ಪಟ. ನಮ್ಮದು ಪರದೆ ಮೇಲೆ ಬರತ್ತೆ, ನೋಡಿ, ಗುಂಡಿ ಒತ್ತಿದ್ರೆ ಬೇರೆ ಅಕ್ಷರ. ಈಗಿರೋ ಮೂರನೇ ಸಾಲು ಓದ್ತೀರಾ?"

ಮೆಲ್ವಿನ್ ಕಣ್ಣು ಕಿರಿದು ಮಾಡಿದ.

"ಕಣ್ಣು ಕಿರಿದು ಮಾಡಬೇಡಿ ಮಿಸ್ಟರ್ ಸ್ಕಾಟ್ನಿ. ನಿಮ್ಮ ಗಿರಾಕಿಗಳಿಗೂ ನೀವು ಹಾಗೇ ಹೇಳ್ತೀರಂತಲ್ಲ."

ಮೂರನೇ ಸಾಲು ಇರುವೆ ಸಾಲಿನ ಹಾಗಿತ್ತು. ಬ್ರಾಮ್ಲಿ ಗಾಜು ಬದಲಾಯಿಸುತ್ತ ಹೋದ. ಕತ್ತಲು ಕೋಣೆಯಲ್ಲೂ ಅವನು ಸುಖಪಡುತ್ತಿದ್ದದ್ದು ಮೆಲ್ವಿನ್‌ಗೆ ಉಸಿರಿನಿಂದಲೇ ತಿಳಿಯುತ್ತಿತ್ತು.

"ಕಡೇ ಸಲ ಯಾವಾಗ ತೋರಿಸಿದ್ರಿ?"

"ಹದಿಮೂರು ವರ್ಷ ಆಗಿರಬೇಕು."

"ಎರಡು ವರ್ಷಕ್ಕೊಮ್ಮೆ ತಪ್ಪದೆ ತೋರಿಸಿ ಅಂತ ನಿಮ್ಮ ಕಿಟಕಿ ಮೇಲೆ ದೊಡ್ಡದಾಗಿ ಬರೆದಿದೆ. ಇಲ್ಲಿಂದ್ಲೇ ನನಗೆ ಕಾಣತ್ತೆ." ಬ್ರಾಮ್ಲಿ ದೀಪ ಹಾಕಿದ. "ಐವತ್ತು ದಾಟಿದ್ರೂ ಬರಿಗಣ್ಣಲ್ಲಿ ಪೇಪರ್ ಓದ್ತೀನಿ ಅಂತ ಕಳೆದ ವರ್ಷ ರೋಟರಿ ಊಟದಲ್ಲಿ ಹೇಳ್ತಿದ್ರಲ್ಲ? ಅದು ಯಾತರ ಲಕ್ಷಣ ಅಂತ ನಾನು ನಿಮಗೆ ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ದೂರದೃಷ್ಟಿ ಮಂದವಾದವರು ಹತ್ತಿರದ್ದನ್ನು ಮುಪ್ಪಿನಲ್ಲೂ ಓದಬಲ್ಲರು, ಇದು ಕಸುಬಿನ ಮೊದಲ ಪಾಠ. ಬೇರೆಯವರಿಗೆ ಸಾವಿರ ಸಲ ಹೇಳಿದ್ದ. ದೀಪದ ಬುಡದಲ್ಲೇ ಕತ್ತಲು. ಈಗ ಒಂದೊಂದೇ ನೆನಪಾಗತೊಡಗಿತು. ಕೌನ್ಸಿಲ್ಲಿನವರು ದಾರಿಯ ಫಲಕಗಳಿಗೆ ಕಳಪೆ ಬಣ್ಣ ಬಳಿಯುತ್ತಾರೆಂದು ಪತ್ರಿಕೆಗೆ ಎರಡು ಪತ್ರ ಬರೆದಿದ್ದ. ಕಾರಿನಲ್ಲಿ ಹೋಗುವಾಗ ಲೋರೇನ್ ಊರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಹೊತ್ತು ಹೋಗದೆ ಓದುತ್ತಾಳೆ ಎಂದುಕೊಂಡಿದ್ದ.

"ಕನ್ನಡಕ ಹಾಕ್ಕೊಂಡು ಓಡಿಸೋದಾದ್ರೆ ಸಹಿ ಹಾಕ್ತೀನಿ" ಎಂದ ಬ್ರಾಮ್ಲಿ. "ಚೌಕಟ್ಟು ನಮ್ಮಲ್ಲೇ ಆರಿಸ್ಕೋತೀರಾ, ಅಥವಾ... ನಿಮ್ಮಲ್ಲೂ ಸುಮಾರಾದವು ಇರಬಹುದು."

ಜೂನ್ ತಿಂಗಳ ಟ್ರ್ಯಾಕ್ ಡೇಗೆ ಮೆಲ್ವಿನ್ ಹೊಸ ಕನ್ನಡಕ ಜೇಬಿನಲ್ಲಿಟ್ಟುಕೊಂಡು ಹೋದ. ಕ್ಲಿಫ್‌ಗೂ ಹೇಳಲಿಲ್ಲ. ಮೊದಲು ಹೆಲ್ಮೆಟ್ ಹಾಕಿಕೊಂಡು, ಆಮೇಲೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಪಕ್ಕ ತೂರಿಸಿ, ಯಾರಿಗೂ ಕಾಣದಂತೆ ಕಪ್ಪು ಗಾಜು ಇಳಿಸಿಕೊಂಡ.

ನೇರ ದಾರಿಗೆ ಬಂದದ್ದೇ ಲೋಕ ಎದ್ದು ಎದುರಿಗೆ ಬಂದು ನಿಂತಿತು. ಮುನ್ನೂರರ ಹಲಗೆ ಕಂಡಿತು, ಅದನ್ನು ಅವನು ಇದುವರೆಗೆ ನೋಡಿಯೇ ಇರಲಿಲ್ಲ. ಇನ್ನೂರರದೂ ಹೊಸದು. ಏಳು ವರ್ಷದಿಂದ ಯಾವ ಬಿಳಿ ಮಸುಕನ್ನು ಇನ್ನೂರು ಎಂದು ತಿಳಿದಿದ್ದನೋ ಅದೇ ನಿಜವಾದ ನೂರು. ಹಾಗಾದರೆ ತಾನು ನೂರು ಎಂದುಕೊಂಡಿದ್ದ, ಅದನ್ನೂ ದಾಟಿ ಬ್ರೇಕ್ ಹಿಡಿಯುತ್ತಿದ್ದ ಆ ಎರಡನೇ ಬಿಳುಪು?

ಅದು ಬಾವುಟದವನು ಕೂರುವ ಪ್ಲಾಸ್ಟಿಕ್ ಕುರ್ಚಿ.

ಕುರ್ಚಿಯ ಹಿಂದೆ ಹುಲ್ಲು, ಹುಲ್ಲಿನ ಹಿಂದೆ ಸಾಲಾಗಿ ಪೇರಿಸಿದ ಟೈರುಗಳು, ಅದರ ಹಿಂದೆ ವಿಮಾನದ ಕಾಲದ ಕಾಂಕ್ರೀಟ್ ಗೋಡೆ. ಗೋಡೆಯ ಬಿರುಕು, ಬಿರುಕಿನಲ್ಲಿ ಬೆಳೆದ ತುರಿಕೆ ಗಿಡ, ಹಿಂದೆ ಯಾರೋ ಗುದ್ದಿ ಉಳಿಸಿದ ಕೆಂಪು ಬಣ್ಣದ ಗೀರು, ಎಲ್ಲ ಕಂಡಿತು. ಬಾವುಟ ಹಿಡಿದ ಮುದುಕ ಇವನ ಬೈಕು ಬರುವುದನ್ನು ಕಂಡ ಕೂಡಲೇ ಕುರ್ಚಿ ಬಿಟ್ಟೆದ್ದು ಆರು ಹೆಜ್ಜೆ ಹಿಂದಕ್ಕೆ ಹೋದದ್ದೂ ಕಂಡಿತು. ಬೇರೆಯವರಿಗೆ ಅವನು ಏಳುತ್ತಿರಲಿಲ್ಲ.

ಮೆಲ್ವಿನ್ ಮುನ್ನೂರೈವತ್ತಕ್ಕೇ ಬ್ರೇಕ್ ಹಿಡಿದ. ಹಿಂದೆ ಬರುತ್ತಿದ್ದ ಐದು ಬೈಕುಗಳು ಬೈಯುತ್ತ ಪಕ್ಕಕ್ಕೆ ಸರಿದು ಮುಂದೆ ಹೋದವು. ಕ್ಲಿಫ್ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮೆಲ್ವಿನ್‌ನನ್ನು ಹಿಂದೆ ಹಾಕಿದ, ನಂಬಲಾರದೆ ಎರಡು ಸಲ ತಿರುಗಿ ನೋಡಿದ.

ಊಟದ ಬಿಡುವಿನಲ್ಲಿ ಮೆಲ್ವಿನ್ ನಡೆದುಕೊಂಡೇ ಬಾವುಟದವನ ಬಳಿ ಹೋದ.

"ಈ ಕುರ್ಚಿ ಯಾವಾಗ್ಲೂ ಇಲ್ಲೇ ಇರತ್ತಾ ತಾತ?"

"ಎಲ್ಲಿ ಬಂತು. ಬಿಸಿಲು ಬಂದ್ರೆ ಆ ಪೊದೆ ನೆರಳಿಗೆ ಎಳ್ಕೋತೀನಿ" ಎಂದ ಮುದುಕ. ಪೊದೆ ಗೋಡೆಗೆ ಇನ್ನೂ ಹತ್ತು ಗಜ ಹತ್ತಿರವಿತ್ತು. ಬೇಸಿಗೆಯಲ್ಲಿ ತನ್ನ ಧೈರ್ಯ ಹೆಚ್ಚುತ್ತದೆ, ಅದಕ್ಕೆ ಟೈರು ಬಿಸಿಲಿಗೆ ಕಾಯುವುದೇ ಕಾರಣ ಎಂದು ಮೆಲ್ವಿನ್ ಹೊಸಬರಿಗೆ ಅರ್ಧ ಗಂಟೆ ಪಾಠ ಮಾಡಿದ್ದುಂಟು. ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವು ಆ ಹಸಿರು ಬೈಕಿನವರನ್ನ ಬಲ್ಲಿರಾ?" ಎಂದ. "ಅವರಿಗೆ ಸ್ವಲ್ಪ ಬುದ್ಧಿ ಹೇಳಿ. ನನಗೂ ವಯಸ್ಸಾಯ್ತು, ಪ್ರತಿ ಸಲ ಎದ್ದು ಓಡಕ್ಕಾಗಲ್ಲ."

ಹಸಿರು ಬೈಕು ಮೆಲ್ವಿನ್‌ನದೇ. ಹೇಳುತ್ತೇನೆ ಎಂದು ವಾಪಸು ಬಂದ.

ಚಹಾ ಗೂಡಿನಲ್ಲಿ ಜನ ಸಾವಿನ ಮನೆಗೆ ಬಂದವರ ಹಾಗೆ ತಗ್ಗಿದ ದನಿಯಲ್ಲಿ ವಿಚಾರಿಸಿದರು. ಬೈಕಿಗೇನಾದರೂ ಆಗಿದೆಯಾ? ಮೈ ಹುಷಾರಿಲ್ಲವಾ? ಕುಣಿಯಲಾರದವಳಿಗೆ ನೆಲ ಡೊಂಕು, ಬೈಕಿನವನಿಗೆ ಟೈರು. "ಹೊಸ ಟೈರು ಹಾಕಿಸಿದೀನಿ, ಇನ್ನೂ ಪಳಗಿಲ್ಲ" ಎಂದ.

ಮಧ್ಯಾಹ್ನ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ಟ್ರ್ಯಾಕ್ ಡೇಗೆ ಕಣ್ಣಿನ ಫಾರಂ ಯಾರೂ ಕೇಳುವುದಿಲ್ಲ. ಕನ್ನಡಕ ಜೇಬಿಗಿಟ್ಟರೆ ರಾಜ್ಯ ಮತ್ತೆ ಕೈಗೆ ಬರುತ್ತದೆ. ಹಾಗೆಯೇ ಮಾಡಿದ. ನೇರ ದಾರಿಯಲ್ಲಿ ಲೋಕವೆಲ್ಲ ಮತ್ತೆ ಹಿತವಾಗಿ ಮಸುಕಾಯಿತು. ಆದರೆ ಆ ಮಸುಕಿನೊಳಗೆ ಏನಿದೆಯೆಂದು ಈಗ ಅವನಿಗೆ ಗೊತ್ತಿತ್ತು. ಕಾಣದ ಗೋಡೆ ಕಂಡ ಗೋಡೆಗಿಂತ ದೊಡ್ಡದಾಗಿ, ಎರಡು ಪಟ್ಟು ಹತ್ತಿರವಾಗಿ ನಿಂತಿತ್ತು. ಅವನು ನಾನೂರು ಗಜಕ್ಕೆ ಬ್ರೇಕ್ ಹಿಡಿದ.

ಆ ವಾರವೆಲ್ಲ ಅವನು ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ಗುರುವಾರ ಊಟಕ್ಕೆ ಕೂತಾಗ ಲೋರೇನ್ ತಟ್ಟೆ ಮುಂದೆ ತಳ್ಳಿ ಕೇಳಿದಳು, "ಏನಾಯ್ತು ಮೆಲ್? ಯಾವಳನ್ನಾದ್ರೂ ಪ್ರೀತಿಸ್ತಿದೀಯಾ? ಹಾಗಾದ್ರೆ ಹೇಳಿಬಿಡು, ಆಮೇಲೆ ಉಂಡ್ರಾಯ್ತು."

ಅವನು ಕುರ್ಚಿಯ ಕಥೆ ಪೂರ್ತಿ ಹೇಳಿದ. ಲೋರೇನ್ ನಗು ತಡೆಯಲು ತುಂಬ ಕಷ್ಟಪಟ್ಟಳು. ಮುಕ್ಕಾಲು ಪಾಲು ತಡೆದಳು.

"ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು" ಎಂದಳು. "ಮತ್ಯಾಕೆ ಕಾರಲ್ಲಿ ಬೋರ್ಡು ಓದ್ತಿದ್ದೆ ಅಂದ್ಕೊಂಡೆ?"

"ಹೇಳಬಾರದಿತ್ತಾ?"

"ಕಣ್ಣಿನ ಡಾಕ್ಟರಿಗೆ ಕಣ್ಣು ಕಾಣಲ್ಲ ಅಂತ ಯಾರು ಹೇಳ್ತಾರೆ? ಒಂದ್ಸಲ ಹೇಳಿದೆ. ಕೌನ್ಸಿಲ್ಲಿನ ಮೇಲೆ ಪೇಪರಿಗೆ ಪತ್ರ ಬರ್ದೆ ನೀನು."

ಅವನು ಆಲೂಗಡ್ಡೆ ಕೆದಕಿದ. "ಈಗ ಏನ್ ಮಾಡ್ಲಿ? ರೇಸಿಗೆ ಹೋದ್ರೆ ಕೊನೆಯವನಾಗ್ತೀನಿ. ಟ್ರ್ಯಾಕ್ ಡೇಗೆ ಹೋದ್ರೂ ಅಲ್ಲೀಗ ಎಲ್ಲರೂ ನನ್ನ ದಾಟಿ ಹೋಗ್ತಾರೆ. ಕನ್ನಡಕ ಹಾಕಿದ್ರೂ ಭಯ, ತೆಗೆದ್ರೂ ಭಯ."

"ಹಾಗಾದ್ರೆ ಬಿಟ್ಬಿಡು. ತೋಟದ ಕೆಲಸ ಮಾಡು."

ಈ ಮಾತಿಗೆ ಮೆಲ್ವಿನ್‌ನ ಮುಖ ಎಷ್ಟು ಪೆಚ್ಚಾಯಿತೆಂದರೆ ಲೋರೇನ್‌ಗೆ ಕನಿಕರ ಬಂತು. "ನೋಡು, ಹತ್ತು ಜನರ ಎದುರಿಗೆ ಬಾಯಿಬಿಟ್ಟು ಹೇಳಿದೀಯ" ಎಂದಳು. "ಹೋಗಿ ಸೋತ್ರೆ ಒಂದು ದಿನ ನಗ್ತಾರೆ. ಹೋಗದೇ ಇದ್ರೆ ಆ ಕ್ಲಿಫ್ ನಿನ್ನ ಮಣ್ಣು ಮಾಡೋ ದಿನಾನೂ ಅದನ್ನೇ ಹೇಳ್ತಾನೆ."

ಏಳು ವರ್ಷ ತೂಗಿ ತೂಗಿ ನೋಡಿದ ಪ್ರಶ್ನೆ ಹೀಗೆ ತೀರ್ಮಾನವಾಯಿತು. ಧೈರ್ಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಕ್ಲಿಫ್‌ನ ಬಾಯಿಯ ಹೆದರಿಕೆ ಗೋಡೆಯ ಹೆದರಿಕೆಗಿಂತ ಕೂದಲೆಳೆಯಷ್ಟು ಹೆಚ್ಚಾಗಿತ್ತು, ಅಷ್ಟೇ.

ಜುಲೈ ಎರಡನೇ ಭಾನುವಾರ ಕ್ಲಬ್ ರೇಸು. ಅದೇ ಟ್ರ್ಯಾಕು, ಅದೇ ಚಹಾ ಗೂಡು. ಆದರೆ ಟ್ರ್ಯಾಕ್ ಡೇಯ ಥಳಥಳಿಸುವ ವ್ಯಾನುಗಳಿರಲಿಲ್ಲ. ತುಕ್ಕು ಹಿಡಿದ ಗಾಡಿಗಳು, ಹರಿದ ಡೇರೆಗಳು, ಯಾರ ಹತ್ತಿರವೂ ಇಲ್ಲದ ಪಾನಾ ಹುಡುಕುತ್ತ ಓಡಾಡುವ ಜನ. ಟ್ರ್ಯಾಕ್ ಡೇಯವರು ಬೈಕು ತೊಳೆದು ತರುತ್ತಿದ್ದರು, ಇವರು ರಿಪೇರಿ ಮಾಡಿಯಾದರೆ ತರುತ್ತಿದ್ದರು. ಹೊಸಬರು ಕಡ್ಡಾಯವಾಗಿ ಹಾಕಬೇಕೆಂದು ಮೆಲ್ವಿನ್‌ಗೆ ಒಂದು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ಕೊಟ್ಟರು.

"ಚೆನ್ನಾಗಿ ಒಪ್ಪತ್ತೆ" ಎಂದ ಕ್ಲಿಫ್. ಮೆಕ್ಯಾನಿಕ್ಕಾಗಿ ಬಂದಿದ್ದೇನೆ ಎಂದು ಹೇಳಿಕೊಂಡು ಮಡಿಸುವ ಕುರ್ಚಿಯಲ್ಲಿ ಕೂತಿದ್ದ. "ರಸ್ತೆ ಅಗೆಯೋರ ಹಾಗೆ ಕಾಣ್ತೀಯ."

"ನೀನ್ಯಾಕೆ ಹೆಸರು ಕೊಡಲಿಲ್ಲ ಮತ್ತೆ?"

"ನನಗಾ? ಮಂಡಿ ನೋವು ಮಾರಾಯ." ಕ್ಲಿಫ್ ಮಂಡಿ ಹಿಡಿದುಕೊಂಡ. ಎಡದ್ದೋ ಬಲದ್ದೋ ಎಂದು ಅರೆಗಳಿಗೆ ಯೋಚಿಸಬೇಕಾಯಿತು.

ಜೀನ್ ಎಲ್ವಿಜ್ ಪಕ್ಕದ ಡೇರೆಯಿಂದ ಬಂದಳು. ಮೆಲ್ವಿನ್‌ನ ಕನ್ನಡಕ ಜಾರುವುದನ್ನು ನೋಡಿ ತನ್ನದನ್ನು ತೋರಿಸಿದಳು. ಅವಳದನ್ನು ತಲೆಯ ಹಿಂದೆ ಎಲಾಸ್ಟಿಕ್ಕಿನಿಂದ ಕಟ್ಟಿತ್ತು. "ಒಳಚಡ್ಡಿದು ಮರಿ. ಅಂಗಡೀಲಿ ಸಿಗೋದೆಲ್ಲ ದಂಡ" ಎಂದು ಇನ್ನೊಂದು ತುಂಡು ಕತ್ತರಿಸಿ ಅವನಿಗೂ ಕಟ್ಟಿಕೊಟ್ಟಳು. "ಮೊದಲ ತಿರುವಲ್ಲಿ ಎಲ್ಲರೂ ಹುಚ್ಚರಾಗ್ತಾರೆ. ನೀನು ಆಗಬೇಡ. ಒಂದು ಸುತ್ತು ಸುಮ್ನಿದ್ರೆ ಅರ್ಧ ಜನ ತಾವಾಗೇ ಸುಸ್ತಾಗ್ತಾರೆ."

ಇಪ್ಪತ್ತೆಂಟು ಬೈಕು, ಎಂಟು ಸುತ್ತು. ಮೆಲ್ವಿನ್ ಕಟ್ಟಕಡೆಯ ಸಾಲಿನಲ್ಲಿ ನಿಂತ. ಕೆಂಪು ದೀಪ ಆರಿದ್ದೇ ಎದುರಿಗಿದ್ದ ಇಪ್ಪತ್ತೇಳು ಬೈಕುಗಳು ಒಂದೇ ಬೈಕಿನಂತೆ ಕೂಗಿ ಮಾಯವಾದವು. ಮೊದಲ ತಿರುವಿಗೆ ಇವನು ಬರುವಷ್ಟರಲ್ಲಿ ಒಬ್ಬ ಬಿದ್ದು, ಎದ್ದು, ಮೈ ಕೊಡವಿಕೊಂಡು ಬೇಲಿ ಹತ್ತುತ್ತಿದ್ದ. ಎರಡನೇ ಸುತ್ತಿನಲ್ಲಿ ಇನ್ನೊಬ್ಬನ ಎಂಜಿನ್ನು ಹೊಗೆ ಬಿಟ್ಟು ಹುಲ್ಲಿನ ಮೇಲೆ ನಿಂತಿತು.

ಮೆಲ್ವಿನ್ ಒಂಟಿಯಾಗಿ ಸುತ್ತುತ್ತಿದ್ದ. ಗೋಡೆ ಪ್ರತಿ ಸುತ್ತಿಗೂ ಅಷ್ಟೇ ಸ್ಪಷ್ಟವಾಗಿ ಬರುತ್ತಿತ್ತು. ಮೊದಲು ಮುನ್ನೂರೈವತ್ತು, ಆಮೇಲೆ ಮುನ್ನೂರು. ನಾಲ್ಕನೇ ಸುತ್ತಿನಲ್ಲಿ ಮುಂದೊಂದು ನೀಲಿ ಬೈಕು ಕಂಡಿತು. ಅದರ ಮೇಲೆ ಅರವತ್ತೊಂದನೇ ನಂಬರಿನ ದಪ್ಪ ಮನುಷ್ಯ, ಚರ್ಮದ ದಿರಿಸಿನಲ್ಲಿ ಬಿಗಿದ ಮೂಟೆಯಂತಿದ್ದ. ಅವನೂ ತನ್ನ ಹಾಗೆಯೇ ಗೋಡೆ ನೋಡಿ ಬೆದರುವವನೆಂದು ಒಂದೇ ತಿರುವಿನಲ್ಲಿ ಗೊತ್ತಾಯಿತು. ಆ ಕ್ಷಣ ಮೆಲ್ವಿನ್‌ಗೆ ಆದ ಖುಷಿ ಅಷ್ಟಿಷ್ಟಲ್ಲ.

ತಿರುವಿನಲ್ಲಿ ಇವನು ಹಾದು ಹೋದ. ನೇರ ದಾರಿಯಲ್ಲಿ ಅವನು. ಮತ್ತೆ ಇವನು. ಮುಂದೆ ಯಾರು ಗೆಲ್ಲುತ್ತಿದ್ದಾರೆ, ಬೇಲಿಯ ಬಳಿ ಕ್ಲಿಫ್ ಏನು ಕೂಗುತ್ತಿದ್ದಾನೆ, ಒಂದೂ ತಲೆಯಲ್ಲಿ ಇರಲಿಲ್ಲ. ಲೋಕದಲ್ಲಿ ಇದ್ದದ್ದು ಒಂದು ದಪ್ಪ ಬೆನ್ನು. ಆರನೇ ಸುತ್ತಿನಲ್ಲಿ ಬಾವುಟದ ಮುದುಕ ದಾರಿ ಬಿಡಿ ಎಂದು ನೀಲಿ ಬಾವುಟ ಬೀಸಿದ. ಹಿಂದಿನಿಂದ ಬಂದ ಮೊದಲ ಮೂವರು ಇವರಿಬ್ಬರನ್ನೂ ಕಂಬಗಳ ಹಾಗೆ ಬಿಟ್ಟು ಒಂದು ಸುತ್ತು ಮುಂದೆ ಹೋದರು. ಇಬ್ಬರೂ ದಾರಿ ಬಿಟ್ಟುಕೊಟ್ಟು ಮರುಗಳಿಗೆಗೆ ಮತ್ತೆ ಜಗಳಕ್ಕೆ ಬಿದ್ದರು. ಕೊನೆಯ ತಿರುವಿಗೆ ಮುಂಚೆ ಮೆಲ್ವಿನ್ ಇನ್ನೂರೈವತ್ತಕ್ಕೆ ಬ್ರೇಕ್ ಹಿಡಿದ. ಗೋಡೆಯ ಗೀರು, ತುರಿಕೆ ಗಿಡ, ಎಲ್ಲ ನೋಡುತ್ತಲೇ ಹಿಡಿದ. ಅರ್ಧ ಚಕ್ರದಷ್ಟು ಮುಂದಾಗಿ ಗೆರೆ ದಾಟಿದ.

ಬೈಕು ನಿಲ್ಲಿಸಿದ ಮೇಲೆ ಅರವತ್ತೊಂದನೇ ನಂಬರು ಏದುಸಿರು ಬಿಡುತ್ತ ಹುಡುಕಿಕೊಂಡು ಬಂದ. ಡೆಸ್ಮಂಡ್ ಉಲ್ಯಾಟ್ ಎಂದು ಹೆಸರು. ಪಕ್ಕದ ಪಟ್ಟಣದಲ್ಲಿ ಶವಸಂಸ್ಕಾರ ಮಾಡಿಸುವ ಕಸುಬು.

"ಕ್ಷಮಿಸಿ, ಆ ಎಡತಿರುವಲ್ಲಿ ನಿಮಗೆ ಸ್ವಲ್ಪ ತಾಗಿಸಿಬಿಟ್ಟೆ" ಎಂದ.

"ಛೇ ಛೇ, ತಪ್ಪು ನನ್ನದೇ. ನಾನೇ ಅಡ್ಡ ಬಂದೆ."

"ಇಲ್ಲಪ್ಪ, ನಾನೇ. ವಾರವೆಲ್ಲ ಹೆಣದ ಗಾಡಿ ಮೆಲ್ಲಗೆ ಓಡಿಸ್ತೀನಿ ನೋಡಿ, ಭಾನುವಾರ ಕೈ ಹಿಡಿತಕ್ಕೆ ಸಿಗಲ್ಲ." ಇಬ್ಬರೂ ಐದು ನಿಮಿಷ ಹೀಗೆ ತಪ್ಪಿಗೆ ಕಿತ್ತಾಡಿ, ಅಪ್ಪಿಕೊಳ್ಳುವುದು ತಿಳಿಯದೆ ಒಬ್ಬರ ಭುಜ ಒಬ್ಬರು ತಟ್ಟಿದರು.

ಕ್ಲಬ್ಬಿನವರು ಫಲಿತಾಂಶದ ಹಾಳೆ ತಂದು ಗೂಡಿನ ಗೋಡೆಗೆ ಅಂಟಿಸಿದರು. ಟ್ರ್ಯಾಕ್ ಡೇಯಲ್ಲಿ ಹಾಳೆ ಇರುವುದಿಲ್ಲ, ಅಲ್ಲಿ ಎಲ್ಲರೂ ತಮಗೆ ತೋಚಿದಷ್ಟು ವೇಗದವರು. ಇಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೂ ಅಚ್ಚು ಹಾಕಿದ್ದರು. ಜೀನ್ ಹದಿನಾಲ್ಕನೆಯವಳು. ಮೆಲ್ವಿನ್ ಇಪ್ಪತ್ತೈದು, ಉಲ್ಯಾಟ್ ಇಪ್ಪತ್ತಾರು. ಅವರ ಕೆಳಗೆ ಬಿದ್ದವನೂ ಹೊಗೆ ಬಿಟ್ಟವನೂ ಸಂಖ್ಯೆಯಿಲ್ಲದೆ ಇದ್ದರು.

ಕ್ಲಿಫ್ ಹಾಳೆಗೆ ಮೂಗು ತಾಗಿಸಿ ಓದಿದ. "ಒಂದು ಸುತ್ತು, ಒಂದು ನಿಮಿಷ ಐವತ್ತೊಂದು ಸೆಕೆಂಡು. ಲೋ, ಒಂದು ನಲವತ್ತು ಅಂತಿದ್ದೆಯಲ್ಲೋ ನೀನು! ಏಳು ವರ್ಷದಿಂದ!"

ಸುತ್ತಲೂ ಇದ್ದವರು ತಿರುಗಿ ನೋಡಿದರು. ಟೈರು, ಗಾಳಿ, ಹೊಸ ಕನ್ನಡಕ, ಎಲ್ಲ ಮೆಲ್ವಿನ್‌ನ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು.

"ಸುಳ್ಳು ಹೇಳ್ತಿದ್ದೆ" ಎಂದ.

ಕ್ಲಿಫ್ ಏಳು ವರ್ಷ ಕೂಡಿಟ್ಟ ಹಂಗಿಸುವ ಮಾತೆಲ್ಲ ಒಂದು ಮಾತಿಗೆ ದಂಡವಾಯಿತು. ಅವನು ಹೋಗಿ ಇಬ್ಬರಿಗೂ ಚಹಾ ತಂದ. ಹಿಂದಿರುಗುವಾಗ ಮೆಲ್ವಿನ್ ಕ್ಲಬ್ಬಿನ ಮೇಜಿನ ಮುಂದೆ ನಿಂತು ಆಗಸ್ಟಿನ ರೇಸಿಗೆ ಹೆಸರು ಬರೆಸಿದ. ಟ್ರ್ಯಾಕ್ ಡೇ ಬಿಡಲಿಲ್ಲ, ಅಭ್ಯಾಸಕ್ಕೆ ಬೇಕಲ್ಲ. ಅಲ್ಲಿ ಅವನೀಗ ಮಧ್ಯಮ ಗುಂಪಿನ ನಟ್ಟನಡುವೆ ಇರುತ್ತಾನೆ, ಪಾಠ ಕೇಳಲು ಹೊಸಬರು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಗೆ ಮೊದಲು ಬಂದದ್ದು ಸಕ್ಕರೆ ಬೀಟ್ ಬೆಳೆಯುವ ಒಬ್ಬ ರೈತ. ಅಕ್ಷರ ತೋರಿಸಲು ಮೆಲ್ವಿನ್ ಕೋಲು ಎತ್ತಬೇಕು, ತೋಳು ಭುಜದಿಂದ ಮೇಲೆ ಏಳಲೊಲ್ಲದು.

"ಏನಾಯ್ತು ಮಿಸ್ಟರ್ ಸ್ಕಾಟ್ನಿ? ಬಿದ್ರಾ?"

"ಇಲ್ಲ. ನಿನ್ನೆ ಬೈಕ್ ರೇಸಿಗೆ ಹೋಗಿದ್ದೆ."

"ಹೌದಾ! ಎಷ್ಟನೆಯವರಾಗಿ ಬಂದ್ರಿ?"

"ಇಪ್ಪತ್ತೈದು."

"ಎಷ್ಟು ಜನಕ್ಕೆ?"

"ಇಪ್ಪತ್ತೆಂಟು ಜನ ಹೊರಟಿದ್ವಿ."

ರೈತ ಬೆರಳು ಮಡಚಿ ಎಣಿಸಿದ. "ಹಾಗಾದ್ರೆ ಮೂರು ಜನರನ್ನ ಹಿಂದೆ ಹಾಕಿದ್ರಿ ಅನ್ನಿ."

ಒಬ್ಬ ಮೊದಲ ತಿರುವಲ್ಲೇ ಬಿದ್ದ, ಇನ್ನೊಬ್ಬನ ಎಂಜಿನ್ನು ಕೆಟ್ಟಿತು ಎಂದು ಹೇಳಲು ಮೆಲ್ವಿನ್ ಬಾಯಿ ತೆರೆದ. ಹೊಸ ಕನ್ನಡಕದಲ್ಲಿ ರೈತನ ಮುಖದ ಮೆಚ್ಚುಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೂಂ, ಮೂರು ಜನ" ಎಂದ. "ಎಡಗಣ್ಣು ಮುಚ್ಕೊಳ್ಳಿ, ಮೇಲಿನ ಸಾಲು ಓದಿ."